ದೊರೆಸಾನಿ ಉತ್ತರ ಕೊಡಲಿಲ್ಲ

ದೊರೆಸಾನಿಯ ಬೆನ್ನು ಹುಣ್ಣಾಗಬಾರದೆಂದು ಆಸ್ಪತ್ರೆಯವರು ಗಾಳಿ ಹಾಸಿಗೆ ತರಿಸಿದರು. ದೊರೆಸಾನಿ ಪ್ಲಾಸ್ಟಿಕ್ಕಿನವಳು.

ನರ್ಸಿಂಗ್ ಕಲಿಯುವವರು ಕೈ ಪಳಗಿಸಿಕೊಳ್ಳಲೆಂದು ತಂದ ಬೊಂಬೆ ಅವಳು. ಆಳೆತ್ತರ. ಮುಚ್ಚದ ಕಣ್ಣು, ಅರ್ಧ ತೆರೆದ ಬಾಯಿ. ಅವಳಿಗೆ ಸೂಜಿ ಚುಚ್ಚಬಹುದು, ಮೂಗಿಗೆ ನಳಿಗೆ ಇಳಿಸಬಹುದು, ಮಲಗಿದಲ್ಲೇ ಸ್ನಾನ ಮಾಡಿಸಬಹುದು. ಅಯ್ಯೋ ಅನ್ನುವುದಿಲ್ಲ. ಸೆಕೆಗೆ ಅವಳ ಬೆನ್ನಿನ ರಬ್ಬರು ಹಾಸಿಗೆಗೆ ಅಂಟಿ ಸುಲಿಯುತ್ತಿದೆ ಎಂದು ನರ್ಸುಗಳ ಮೇಲಧಿಕಾರಿ ಮೇಟ್ರನ್ ಒಂದು ದಿನ ಕಂಡುಹಿಡಿದರು. ಮರುವಾರವೇ ಗಾಳಿ ಹಾಸಿಗೆ ಬಂತು. ಅದರ ಮೋಟಾರು ಗುಂಯ್ ಎನ್ನುತ್ತಾ ಅವಳನ್ನು ಮೆಲ್ಲಗೆ ತೂಗುತ್ತಿತ್ತು. ಅದೂ ಸಾಲದೆಂದು ಎರಡು ಗಂಟೆಗೊಮ್ಮೆ ಅವಳ ಮಗ್ಗುಲು ಬದಲಿಸಬೇಕೆಂದು ಆಜ್ಞೆಯಾಯಿತು. ಬದಲಿಸುವವರು ಯಾರು? ನಾವು, ಸಣ್ಣ ಸಿಸ್ಟರುಗಳು.

ಸಣ್ಣ ಸಿಸ್ಟರ್ ಅಂದರೆ ವಯಸ್ಸಿನಲ್ಲಿ ಸಣ್ಣವರಲ್ಲ. ನನ್ನ ಮಂಡಿ ಸವೆದಿದೆ, ತಲೆ ನರೆತಿದೆ. ಚಿಕ್ಕ ಕೋರ್ಸು ಮುಗಿಸಿ ಕೆಲಸಕ್ಕೆ ಸೇರಿದವರು ಸಣ್ಣ ಸಿಸ್ಟರ್. ದೊಡ್ಡ ಕೋರ್ಸು ಮುಗಿಸಿ ನೋಂದಣಿ ಮಾಡಿಸಿಕೊಂಡವರು ದೊಡ್ಡ ಸಿಸ್ಟರ್. ನಮ್ಮ ವಾರ್ಡಿನ ದೊಡ್ಡ ಸಿಸ್ಟರ್‌ಗೆ ನನ್ನ ಮಗಳ ವಯಸ್ಸು. ಕೆಟ್ಟವಳಲ್ಲ, ನನ್ನನ್ನು ಅಕ್ಕ ಅನ್ನುತ್ತಾಳೆ. ಆದರೆ ಅವಳ ತಲೆಯ ಮೇಲಿನ ಗೋಡೆಯಲ್ಲಿ ಒಂದು ಸುತ್ತೋಲೆ ಇದೆ. ಸಣ್ಣ ಸಿಸ್ಟರುಗಳು ತಮ್ಮನ್ನು ನರ್ಸ್ ಎಂದು ಹೇಳಿಕೊಳ್ಳತಕ್ಕದ್ದಲ್ಲ, ಯಾವುದೇ ಕಾಗದಕ್ಕೆ ಸಹಿ ಹಾಕತಕ್ಕದ್ದಲ್ಲ ಎಂದು ಅದರಲ್ಲಿದೆ. ಅದನ್ನು ಗೋಡೆಗೆ ಅಂಟಿಸಿದವಳು ನಾನೇ. ಗೋಂದು ಹಚ್ಚಲು ನೋಂದಣಿ ಬೇಕಿಲ್ಲ.

ದೊರೆಸಾನಿ ಎಂದು ಹೆಸರಿಟ್ಟವಳು ನನ್ನ ಜೊತೆಗಾತಿ ಗುಂಡಕ್ಕ. ಅವಳೂ ಸಣ್ಣ ಸಿಸ್ಟರ್. ಹೆಸರು ಗುಂಡಕ್ಕ, ಮೈ ಕಡ್ಡಿ. ದೊರೆಸಾನಿಗೆ ಕೊಟ್ಟ ಕೋಣೆ ಮೊದಲು ನಮ್ಮದಾಗಿತ್ತು. ಅಲ್ಲಿ ನಾವು ಬಟ್ಟೆ ಬದಲಿಸುತ್ತಿದ್ದೆವು, ಊಟದ ಡಬ್ಬಿ ಬಿಚ್ಚುತ್ತಿದ್ದೆವು, ಬೆಂಚಿನ ಮೇಲೆ ಸೊಂಟ ಚಾಚುತ್ತಿದ್ದೆವು. ಬೊಂಬೆ ಬಂದ ದಿನ ನಮ್ಮ ಚೀಲಗಳನ್ನು ಹೊರಗಿಟ್ಟು, ಬಾಗಿಲಿಗೆ 'ಕೌಶಲ್ಯ ಕೊಠಡಿ' ಎಂದು ಫಲಕ ಹಾಕಿ ಬೀಗ ಜಡಿದರು. ಅವಳಿಗೆ ಫ್ಯಾನು ಹಾಕಿಸಿದರು. ನಾವು ಈಗ ನೆಲ ಒರೆಸುವ ಕೋಲುಗಳಿಡುವ ಗೂಡಿನಲ್ಲಿ ಬಟ್ಟೆ ಬದಲಿಸುತ್ತೇವೆ. ಒಬ್ಬಳು ಒಳಗೆ, ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ. ಊಟ ಹಿಂದಿನ ಮೆಟ್ಟಿಲ ಮೇಲೆ. ಕಸದ ಬಕೆಟ್ಟು ಇಳಿಸುವವರು ಬಂದರೆ ಡಬ್ಬಿ ಎತ್ತಿಕೊಂಡು ಏಳಬೇಕು.

"ಮುಂದಿನ ಜನ್ಮ ಇದ್ರೆ ಪ್ಲಾಸ್ಟಿಕ್ಕಲ್ಲಿ ಹುಟ್ಬೇಕು ಕಣೇ," ಎನ್ನುತ್ತಿದ್ದಳು ಗುಂಡಕ್ಕ.

ನಮ್ಮ ಕೆಲಸ ಏನೆಂದು ಹೇಳುತ್ತೇನೆ ಕೇಳಿ. ಮಲದ ಬಟ್ಟೆ ತೆಗೆಯುತ್ತೇವೆ. ಕಫ ಒರೆಸುತ್ತೇವೆ. ಮಂಚದ ಕಾಲ್ದೆಸೆಗೆ ಜಾರಿದವರನ್ನು ಕಂಕುಳಿಗೆ ಕೈ ಕೊಟ್ಟು ಮೇಲೆಳೆಯುತ್ತೇವೆ. ಎಳೆಯುವಾಗ ಸೊಂಟ ಚಳಕ್ ಅನ್ನುತ್ತದೆ. ಜ್ವರ ನೋಡುತ್ತೇವೆ, ನಾಡಿ ಹಿಡಿಯುತ್ತೇವೆ, ಹುಣ್ಣು ತೊಳೆಯುತ್ತೇವೆ. ಎಲ್ಲವನ್ನೂ ಬಂದು ದೊಡ್ಡ ಸಿಸ್ಟರ್‌ಗೆ ಹೇಳುತ್ತೇವೆ. ಅವಳು ಚಾರ್ಟಿನಲ್ಲಿ ಬರೆದು ಕೆಳಗೆ ಸಹಿ ಹಾಕುತ್ತಾಳೆ. ಹುಣ್ಣು ತೊಳೆದದ್ದು ಅವಳು ಎಂದಾಯಿತು. ಕಾಗದವನ್ನು ನಂಬುವುದಾದರೆ ನಾನು ಆ ವಾರ್ಡಿಗೆ ಕಾಲಿಟ್ಟೇ ಇಲ್ಲ.

ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಬಡಗಿ ಇದ್ದ. ಮನೆಯ ಮಾಡಿಗೆ ಮರ ಕೂರಿಸುವಾಗ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಹಲಗೆಯಂಥ ಹಾಸಿಗೆ. ಬಾಲಮೂಳೆಯ ಮೇಲೆ ಅಂಗೈಯಗಲ ಹುಣ್ಣು. ಹುಣ್ಣಿನ ಮೇಲಂಚಿನಲ್ಲಿ ಮಾತ್ರ ಅವನಿಗೆ ಸ್ಪರ್ಶ ಉಳಿದಿತ್ತು, ಉಳಿಯಬಾರದ ಜಾಗದಲ್ಲಿ ಉಳಿದಿತ್ತು. ಅವನಿಗೊಂದು ಗಾಳಿ ಹಾಸಿಗೆ ಬೇಕೆಂದು ನಾವು ಕೇಳಿದೆವು. ಇಲ್ಲ ಎಂದರು. ದೊಡ್ಡ ಸಿಸ್ಟರ್ ಬರೆದು ಕೇಳಿದಳು. ಬರೆದು ಇಲ್ಲ ಎಂದರು.

ಅವನನ್ನು ಮಗ್ಗುಲಾಗಿಸಲು ನಾನೂ ಗುಂಡಕ್ಕನೂ ಬೇಕು. ಒಬ್ಬಳು ಹೆಗಲಿಗೆ, ಒಬ್ಬಳು ತೊಡೆಗೆ. ಆಳು ದಪ್ಪ.

"ಹಲಗೆ ಹೊರಳಿಸಿದ ಹಾಗೆ ಹೊರಳಿಸ್ತೀರಲ್ಲಮ್ಮ," ಎನ್ನುತ್ತಿದ್ದ. "ಹಂಗೇ ಒಂದ್ಸಲ ಉಜ್ಜುಗೊರಡು ಹಾಕಿಬಿಡಿ, ನುಣ್ಣಗಾಗ್ತೀನಿ."

ನಗಿಸುತ್ತಿದ್ದ. ನೋವು ಬಂದಾಗ ನಗಿಸುತ್ತಿರಲಿಲ್ಲ. ನೋವಿನ ಇಂಜೆಕ್ಷನ್ ಇರುವ ಕಪಾಟಿನ ಬೀಗದ ಕೈ ದೊಡ್ಡ ಸಿಸ್ಟರುಗಳ ಸೊಂಟದಲ್ಲಿ ಮಾತ್ರ ಇರಬೇಕು. ಒಂದು ಮಧ್ಯಾಹ್ನ ಅವನು ದಿಂಬು ಕಚ್ಚಿಕೊಂಡು ಗೋಳಾಡಿದ. ನಾನು ದೊಡ್ಡ ಸಿಸ್ಟರನ್ನು ಹುಡುಕಿಕೊಂಡು ಓಡಿದೆ. ಎಲ್ಲ ದೊಡ್ಡ ಸಿಸ್ಟರುಗಳೂ ಸಭಾಂಗಣದಲ್ಲಿದ್ದರು. ಬಾಗಿಲ ಮೇಲೆ ಬೋರ್ಡು: 'ರೋಗಿಗಳ ಬಗ್ಗೆ ಕರುಣೆ: ವಿಶೇಷ ತರಬೇತಿ. ದಯವಿಟ್ಟು ಅಡ್ಡಿಪಡಿಸಬೇಡಿ.' ನಾನು ಬಾಗಿಲು ಬಡಿದೆ. ಮೇಟ್ರನ್ ಒಂದಿಷ್ಟೇ ಕದ ತೆರೆದು ಬೋರ್ಡಿನ ಕಡೆ ಬೆರಳು ತೋರಿಸಿ ಮುಚ್ಚಿಕೊಂಡರು. ಕರುಣೆ ಸಂಜೆ ಮುಗಿಯಿತು. ಅಲ್ಲಿಯವರೆಗೆ ಬಡಗಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ. ಅವನ ಹಿಡಿತದ ನೀಲಿ ಗುರುತು ಕೈಯಿಂದ ಮಾಯಲು ಬಹಳ ದಿನ ಹಿಡಿಯಿತು.

ಮಾರನೆಯ ದಿನ ನಾನು ಬ್ರಿಡ್ಜ್ ಕೋರ್ಸಿಗೆ ಹೆಸರು ಕೊಟ್ಟೆ. ಸಣ್ಣ ಸಿಸ್ಟರುಗಳು ಕೆಲಸ ಮಾಡುತ್ತಲೇ ಓದಿ ದೊಡ್ಡ ಸಿಸ್ಟರ್ ಆಗಲೆಂದು ಮಾಡಿದ ಕೋರ್ಸು. ನಮ್ಮ ಆಸ್ಪತ್ರೆಯಲ್ಲೇ ಸಂಜೆ ತರಗತಿ, ಮೇಟ್ರನ್ನೇ ಮುಖ್ಯಸ್ಥೆ. ನನಗೆ ಹಿರಿಮೆ ಬೇಕಿರಲಿಲ್ಲ. ಆ ಬೀಗದ ಕೈ ಬೇಕಿತ್ತು. ನಾನು ಮಾಡಿದ್ದರ ಕೆಳಗೆ ನನ್ನ ಹೆಸರು ಬೇಕಿತ್ತು. ಇಷ್ಟೇ.

ಕೋರ್ಸಿನ ಮೊದಲ ನಿಯಮ: ವಿದ್ಯಾರ್ಥಿನಿ ಪಟ್ಟೆ ಕೋಟು ತೊಟ್ಟಿರುವಾಗ ಬೋಧಕರಿಲ್ಲದೆ ರೋಗಿಯನ್ನು ಮುಟ್ಟುವಂತಿಲ್ಲ, ನೋಡಿ ಕಲಿಯಬೇಕು. ನನಗೆ ನೋಡಿ ಕಲಿಯಲು ಹಾಕಿದ್ದು ನನ್ನದೇ ವಾರ್ಡಿಗೆ. ಮಧ್ಯಾಹ್ನದವರೆಗೆ ಬಡಗಿಯ ಹುಣ್ಣು ತೊಳೆದವಳು, ಸಂಜೆ ಪಟ್ಟೆ ಕೋಟು ತೊಟ್ಟು ಅವನ ಮಂಚದ ಪಕ್ಕ ಕೈ ಕಟ್ಟಿ ನಿಲ್ಲುತ್ತಿದ್ದೆ.

"ಅಮ್ಮ, ಒಂದು ಗುಟುಕು ನೀರು," ಎಂದ ಬಡಗಿ ಮೊದಲ ಸಂಜೆ.

"ಮುಟ್ಟೋ ಹಾಗಿಲ್ಲಪ್ಪ. ಈಗ ನಾನು ಓದ್ತಿದ್ದೀನಿ."

"ಏನು ಓದ್ತಿದ್ದೀರಿ?"

"ನಿಮ್ಮನ್ನೇ."

ಅವನು ಒಣಗಿದ ತುಟಿ ನೆಕ್ಕಿಕೊಂಡು ನನ್ನನ್ನು ನೋಡಿದ. ನಾನು ಕೋಟು ಬಿಚ್ಚಿ ಕಿಟಕಿಗೆ ತೂಗುಹಾಕಿ, ನೀರು ಕುಡಿಸಿ, ಬಾಯಿ ಒರೆಸಿ, ಮತ್ತೆ ಕೋಟು ತೊಟ್ಟು ಕೈ ಕಟ್ಟಿ ನಿಂತೆ. ಪಕ್ಕದ ಮಂಚದವನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಮೈ ಉರಿಯಿತು.

ಪುಸ್ತಕದ ಪರೀಕ್ಷೆ ಹೇಗೋ ಪಾಸಾದೆ. ಪ್ರಾಯೋಗಿಕ ಪರೀಕ್ಷೆ ಬಂತು. ವಿಷಯ: ಹಾಸಿಗೆ ಹಿಡಿದ ರೋಗಿಗೆ ಸ್ನಾನ. ರೋಗಿ: ದೊರೆಸಾನಿ. ನಾನು ಬಿಸಿನೀರು ತಂದೆ, ಬಟ್ಟೆ ಹಿಂಡಿದೆ, ಮುಖದಿಂದ ಪಾದದವರೆಗೆ ಒರೆಸಿದೆ, ಮಗ್ಗುಲಾಗಿಸಿ ಬೆನ್ನು ಒರೆಸಿದೆ, ಚಾದರ ಬದಲಿಸಿದೆ. ಮುಗಿಸಿ ಬೆವರು ಒರೆಸಿಕೊಂಡೆ.

"ಫೇಲು," ಎಂದರು ಮೇಟ್ರನ್.

"ಯಾಕೆ ಮೇಡಂ?"

"ರೋಗೀನ ಕೇಳದೆ ಮುಟ್ಟಿದೆ. ನಮಸ್ಕಾರ ಹೇಳ್ಬೇಕು. ನಾನು ಇಂಥವಳು, ನಿಮಗೆ ಸ್ನಾನ ಮಾಡಿಸಲಾ ಅಂತ ಕೇಳ್ಬೇಕು. ರೋಗಿಗೂ ಮಾನ ಮರ್ಯಾದೆ ಅಂತ ಇರುತ್ತೆ. ಒಪ್ಪಿಗೆ ಇಲ್ಲದೆ ಮೈ ಮುಟ್ಟೋದು ಎಷ್ಟು ದೊಡ್ಡ ತಪ್ಪು ಗೊತ್ತಾ?"

ನಾನು ದೊರೆಸಾನಿಯ ಕಡೆ ನೋಡಿದೆ. ಅವಳ ಮೂಗಿನಲ್ಲಿ ಹಿಂದಿನ ವಿದ್ಯಾರ್ಥಿನಿ ಬಿಟ್ಟುಹೋದ ನಳಿಗೆ ನೇತಾಡುತ್ತಿತ್ತು. ನನಗೆ ನಗು ಬಂತು, ತಡೆಯಲಾಗಲಿಲ್ಲ. ನಕ್ಕದ್ದಕ್ಕೆ 'ರೋಗಿಯ ಬಗ್ಗೆ ಅಗೌರವ' ಎಂದು ಬೇರೆ ಬರೆದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ನಮ್ಮತ್ತೆಯ ನಾಲಗೆ ಕತ್ತರಿ, ಕಿವಿ ಹದ್ದು. ಅವರು ಮಗನ ಕಡೆ ತಿರುಗಿ, "ನಿನ್ನ ಹೆಂಡ್ತಿ ಗೊಂಬೆ ಹತ್ರ ಮಾತಾಡದೆ ಫೇಲಾದ್ಲಂತೆ. ಮನೇಲಿ ನನ್ನ ಹತ್ರ ಬಾಯಿ ಮುಚ್ಚದವಳು," ಎಂದರು. ನನ್ನ ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. ಅವನಿಗೆ ಆ ಜಾಗದಲ್ಲಿ ತಲೆಯೆತ್ತಿ ಅಭ್ಯಾಸವಿಲ್ಲ.

ಆದರೆ ಮರುದಿನ ಬೆಳಿಗ್ಗೆ ಅತ್ತೆ ಮಂಚದ ಮೇಲೆ ಸೆಟೆದುಕೊಂಡು ಮಲಗಿ ಕಾಯುತ್ತಿದ್ದರು.

"ಬಾ, ನಾನೇ ಗೊಂಬೆ. ಕೇಳು ಅದೇನು ಕೇಳ್ಬೇಕೋ."

"ನಮಸ್ಕಾರ. ನಾನು ವಿದ್ಯಾರ್ಥಿನಿ. ನಿಮಗೆ ಸ್ನಾನ ಮಾಡಿಸಲಾ?"

"ಬೇಡ. ಈಗ ತಾನೇ ಮಾಡಿದೆ."

"ಅತ್ತೆ, ಗೊಂಬೆ ಮಾತಾಡಬಾರದು."

"ಮತ್ತೆ ಕೇಳಿದ್ದು ಯಾಕೆ?"

"ಅದು ನಿಯಮ. ಕೇಳ್ಬೇಕು, ಆಮೇಲೆ ಮಾಡಿಸ್ಬೇಕು."

ಅತ್ತೆ ಎದ್ದು ಕುಳಿತರು. "ಕೇಳಿದ ಮೇಲೆ ಉತ್ತರಕ್ಕೆ ಕಾಯ್ಬೇಕಲ್ವೇನೇ? ನನ್ನನ್ನ ನೋಡೋಕೆ ಬಂದಾಗ ನಮ್ಮಪ್ಪನೂ ಹಿಂಗೇ ಕೇಳಿದ. ಹುಡುಗ ಒಪ್ಪಿಗೇನಾ ಅಂತ. ನಾನು ಬಾಯಿ ತೆಗೆಯೋ ಹೊತ್ತಿಗೆ ಆ ಕಡೆಯವರು ಕಾಫಿ ಕುಡಿದು ಲೋಟ ಕೆಳಗಿಟ್ಟಿದ್ರು. ಕಾಯಲ್ಲ ಅಂದ್ರೆ ಕೇಳ್ಬೇಡ. ಕೇಳಿದ್ರೆ ಕಾಯಿ."

ಮಾವನ ಫೋಟೋ ಗೋಡೆಯ ಮೇಲೆ ಸುಮ್ಮನಿತ್ತು. ನಾನು ಚಾದರ ಮಡಿಸಿಟ್ಟು ಕೆಲಸಕ್ಕೆ ಹೋದೆ. ಆ ಮಾತು ಮುಳ್ಳಿನ ಹಾಗೆ ಜೊತೆಗೆ ಬಂತು.

ಎರಡನೆಯ ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ ಬಡಗಿಯ ಹುಣ್ಣು ಆಳವಾಗಿತ್ತು. ತೊಳೆಯುವಾಗ ತಳದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅದು ಮೂಳೆ ಎಂದು ಅವನಿಗೆ ನಾನು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಆ ಬೆಳಿಗ್ಗೆ ವಾರ್ಡಿನಲ್ಲಿ ಕೈ ಕಡಿಮೆ. ಗುಂಡಕ್ಕ ಒಬ್ಬಳೇ ಅವನ ಹೆಗಲಿಗೆ ಕೈ ಹಾಕಿ ಪರದಾಡುತ್ತಿದ್ದಾಗ ಮೇಟ್ರನ್ ನನ್ನನ್ನು ಕರೆದು, ಮೊದಲು ದೊರೆಸಾನಿಯ ಮಗ್ಗುಲು ಬದಲಿಸಿ ಬಾ, ಪರೀಕ್ಷಕರು ಬರುತ್ತಿದ್ದಾರೆ ಎಂದರು. ಹೋದೆ. ಬದಲಿಸಿದೆ. ಅವಳ ಬೆನ್ನು ನೋಡಿದೆ. ನುಣ್ಣಗೆ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಪಾಪ, ಅವಳದೇನು ತಪ್ಪು?

ಕೌಶಲ್ಯ ಕೊಠಡಿಯಲ್ಲಿ ಮೇಟ್ರನ್ ಕುಳಿತಿದ್ದರು. ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕ, ಕನ್ನಡಕ, ಕೈಯಲ್ಲಿ ಪೆನ್ನು. ನಾವು ಐದಾರು ಸಣ್ಣ ಸಿಸ್ಟರುಗಳು ಪಟ್ಟೆ ಕೋಟು ತೊಟ್ಟು ಗೋಡೆಗೆ ಸಾಲಾಗಿ ನಿಂತಿದ್ದೆವು. ಮೊದಲ ಸರದಿ ನನ್ನದು.

ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟೆ. ಕೈ ಜೋಡಿಸಿದೆ.

"ನಮಸ್ಕಾರ. ನಾನು ವಿದ್ಯಾರ್ಥಿನಿ. ನಿಮಗೆ ಸ್ನಾನ ಮಾಡಿಸಲಾ?"

ಮೇಟ್ರನ್ ತಲೆಯಾಡಿಸಿದರು. ಪರೀಕ್ಷಕ ಒಂದು ಗುರುತು ಹಾಕಿದ. ನಾನು ಸುಮ್ಮನೆ ನಿಂತೆ.

ಫ್ಯಾನು ತಿರುಗಿತು. ಗಾಳಿ ಹಾಸಿಗೆ ಗುಂಯ್ ಎಂದಿತು. ನೀರಿನ ಹಬೆ ಕಡಿಮೆಯಾಯಿತು.

"ಮುಂದುವರಿಸಿ," ಎಂದ ಪರೀಕ್ಷಕ.

"ಇನ್ನೂ ಉತ್ತರ ಕೊಟ್ಟಿಲ್ಲ ಸಾರ್."

"ಯಾರು?"

"ರೋಗಿ."

ಮೇಟ್ರನ್ ಗಂಟಲು ಸರಿಮಾಡಿಕೊಂಡರು. "ಕೇಳಿದೆಯಲ್ಲ, ಸಾಕು. ಮಾಡು."

"ಒಪ್ಪಿಗೆ ಇಲ್ದೆ ಮೈ ಮುಟ್ಟೋದು ದೊಡ್ಡ ತಪ್ಪು ಅಂತ ನೀವೇ ಹೇಳಿದ್ರಿ ಮೇಡಂ. ಹೋದ ಸಲ ಅದಕ್ಕೇ ಫೇಲಾದೆ."

ಪರೀಕ್ಷಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಪುಸ್ತಕ ತೆರೆದ. ಕೇಳಬೇಕು ಎಂದಿತ್ತು, ಒಪ್ಪಿಗೆ ಪಡೆಯಬೇಕು ಎಂದಿತ್ತು. ರೋಗಿ ಬೊಂಬೆಯಾಗಿದ್ದರೆ ಏನು ಮಾಡಬೇಕೆಂದು ಇರಲಿಲ್ಲ. ಅವರಿಬ್ಬರೂ ತಲೆಗೆ ತಲೆ ಕೂಡಿಸಿ ಪಿಸುಗುಟ್ಟಿದರು. ಕೊನೆಗೆ ಮೇಟ್ರನ್ ಬಾಗಿಲಲ್ಲಿ ನಿಂತಿದ್ದ ನಮ್ಮ ದೊಡ್ಡ ಸಿಸ್ಟರನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಆ ಹುಡುಗಿಯ ಮುಖ ಕೆಂಪೇರಿತು. ಬಗ್ಗಿ, ಬಿಳಿ ಸಮವಸ್ತ್ರ ನೆಲಕ್ಕೆ ತಾಗಿಸಿಕೊಂಡು, ಮಂಚದ ಕೆಳಗೆ ತೆವಳಿದಳು.

"ಹೂಂ, ಮಾಡಿಸಿ," ಎಂದು ಮಂಚದ ಕೆಳಗಿಂದ ಸಣ್ಣ ದನಿ ಬಂತು.

ಗೋಡೆಗೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು.

"ಅದು ಮಂಚದ ಕೆಳಗಿರೋರ ಒಪ್ಪಿಗೆ ಮೇಡಂ," ಎಂದೆ. "ಅವರಿಗೆ ಸ್ನಾನ ಮಾಡಿಸ್ಬೇಕಾದ್ರೆ ಮಾಡಿಸ್ತೀನಿ. ಮೇಲಿರೋರು ಬಾಯಿ ಬಿಟ್ಟಿಲ್ಲ."

"ಏಯ್, ತಲೆ ಗಿಲೆ ಕೆಟ್ಟಿದೆಯಾ ನಿನಗೆ? ಅದು ಬೊಂಬೆ!"

"ಬೊಂಬೆ ಅಂದ್ರೆ ಹೋದ ಸಲ ಯಾಕೆ ಫೇಲು ಮಾಡಿದ್ರಿ?"

ಪರೀಕ್ಷಕ ಮೇಟ್ರನ್ ಕಡೆ ನೋಡಿದ. ನನಗೆ ಹೆದರಿಕೆಯೂ ಇತ್ತು, ಸಿಟ್ಟೂ ಇತ್ತು. ಇಲ್ಲಿಗೆ ನಿಲ್ಲಿಸಿ ಬಟ್ಟೆ ಹಿಂಡಿದ್ದರೆ ಪಾಸಾಗುತ್ತಿದ್ದೆನೋ ಏನೋ. ಬೀಗದ ಕೈ ನನ್ನ ಸೊಂಟಕ್ಕೆ ಬರುತ್ತಿತ್ತೋ ಏನೋ. ಆಗ ಗೋಡೆಯಾಚೆ ವಾರ್ಡಿನಲ್ಲಿ ಗುಂಡಕ್ಕ, "ಯಾರಾದ್ರೂ ಒಂದು ಕೈ ಹಿಡೀರೇ!" ಎಂದು ಕೂಗಿದ್ದು ಕೇಳಿಸಿತು. ಬಡಗಿಯನ್ನು ಅವಳಿನ್ನೂ ಹೊರಳಿಸಿರಲಿಲ್ಲ.

ಪುಸ್ತಕದ ಅದೇ ಪುಟದ ಕೊನೆಯ ಸಾಲು ಬಾಯಿಗೆ ಬಂತು. ರೋಗಿ ಮಾತಿಗೆ ಪ್ರತಿಕ್ರಿಯಿಸದಿದ್ದಲ್ಲಿ ಭುಜ ಅಲುಗಿಸಿ ಕರೆಯಿರಿ; ಆಗಲೂ ಪ್ರತಿಕ್ರಿಯಿಸದಿದ್ದಲ್ಲಿ ಸಹಾಯಕ್ಕಾಗಿ ಕೂಗಿ, ತಕ್ಷಣ ತುರ್ತು ಘಟಕಕ್ಕೆ ಸಾಗಿಸಿ.

ದೊರೆಸಾನಿಯ ಭುಜ ಹಿಡಿದು ಅಲುಗಿಸಿದೆ. "ಅಮ್ಮಾ! ಅಮ್ಮಾ, ಕೇಳಿಸ್ತಿದೆಯಾ?"

ಕೇಳಿಸಲಿಲ್ಲ. ನಾನು ಬಾಗಿಲ ಕಡೆ ತಿರುಗಿ ಎದೆ ತುಂಬ ಕೂಗಿದೆ.

"ಯಾರಾದ್ರೂ ಬನ್ನಿ! ರೋಗಿ ಮಾತಾಡ್ತಿಲ್ಲ!"

ಆ ಕೂಗು ನಮಗೆಲ್ಲ ನೆತ್ತರಿನಲ್ಲಿ ಸೇರಿಹೋಗಿದೆ. ಕೇಳಿದ ಮೇಲೆ ಯೋಚಿಸುವುದಿಲ್ಲ, ಓಡುತ್ತೇವೆ. ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದ್ದವರು ಎಂಜಲು ಕೈಯಲ್ಲೇ ಓಡಿಬಂದರು. ಬಟ್ಟೆ ಬದಲಿಸುತ್ತಿದ್ದವಳೊಬ್ಬಳು ಗುಂಡಿ ಹಾಕಿಕೊಳ್ಳುತ್ತಲೇ ಬಂದಳು. ಗೋಡೆಗೆ ನಿಂತಿದ್ದ ಪಟ್ಟೆ ಕೋಟಿನವರು ಮುಂದೆ ನುಗ್ಗಿದರು. ದೊರೆಸಾನಿ ಎಂದು ಗೊತ್ತಾದ ಮೇಲೂ ಯಾರೂ ಹಿಂದೆ ಸರಿಯಲಿಲ್ಲ. ಒಬ್ಬಳು ಮಂಚದ ಗಾಲಿಯ ಬ್ರೇಕು ತೆಗೆದಳು. ಒಬ್ಬಳು ಎದೆಯ ಮೇಲೆ ಕೈಯಿಟ್ಟು ಒತ್ತಲು ಶುರುಮಾಡಿದಳು. ಇನ್ನೊಬ್ಬಳು, "ಅಯ್ಯೋ ತಾಯಿ, ನಮ್ಮನ್ನೆಲ್ಲ ಬಿಟ್ಟು ಹೋಗ್ಬೇಡ!" ಎಂದು ಅತ್ತಳು. ಅತ್ತದ್ದು ಸ್ವಲ್ಪ ಹೆಚ್ಚಾಯಿತು, ನಿಜ.

ಮಂಚ ಹೊರಟಿತು. ಕೆಳಗಿದ್ದ ದೊಡ್ಡ ಸಿಸ್ಟರ್ ತಲೆ ಹಿಡಿದುಕೊಂಡು ಬಯಲಾದಳು. ಮೇಟ್ರನ್ ಹಿಂದೆ, ಪರೀಕ್ಷಕ ಅವರ ಹಿಂದೆ. ಓಣಿಯಲ್ಲಿದ್ದ ಜನ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಒಬ್ಬ ಮುದುಕ ಟೋಪಿ ತೆಗೆದ.

ತುರ್ತು ಘಟಕದಲ್ಲಿ ಒಂದು ಕೆಂಪು ಬಾಗಿಲಿದೆ. ಅದನ್ನು ದಾಟಿ ಒಳಗೆ ಬಂದವರನ್ನು ಮೊದಲು ದಾಖಲು ಮಾಡಬೇಕು, ಆಮೇಲೆ ಮುಟ್ಟಬೇಕು. ಗುಮಾಸ್ತ ತಲೆಯೆತ್ತದೆ ಕೇಳಿದ:

"ಹೆಸರು?"

"ದೊರೆಸಾನಿ."

"ಏನಾಗಿದೆ?"

"ಮಾತಾಡ್ತಿಲ್ಲ. ಉಸಿರಿಲ್ಲ. ಮೈ ತಣ್ಣಗಿದೆ."

ಅವನು ಟಕಟಕ ಒತ್ತಿದ. ದಾಖಲಾಯಿತು. ಡಾಕ್ಟರು ಬಂದರು, ನಿದ್ದೆಗೆಟ್ಟ ಕಣ್ಣಿನ ಹುಡುಗ. ಸ್ಟೆತಾಸ್ಕೋಪು ಇಟ್ಟ. ಇನ್ನೊಂದು ಕಡೆ ಇಟ್ಟ. ಆಮೇಲೆ ಮುಖ ನೋಡಿದ.

"ಇದು ಗೊಂಬೆ."

"ಹಾಗೇ ಬರೀರಿ ಡಾಕ್ಟ್ರೇ," ಎಂದೆ.

ಅವನು ಬರೆಯಲು ಹೋದ. ಕಂಪ್ಯೂಟರಿನಲ್ಲಿ ಅಂಥ ಜಾಗವಿರಲಿಲ್ಲ. ಜೀವ ಇದೆ, ಜೀವ ಇಲ್ಲ, ನಿಗಾದಲ್ಲಿದೆ. ಮೂರರಲ್ಲಿ ಒಂದನ್ನು ಒತ್ತಬೇಕು. ಜೀವ ಇಲ್ಲ ಎಂದು ಒತ್ತಿದರೆ ಪೊಲೀಸರು ಬರಬೇಕು, ಹೆಣ ಕೊಯ್ಯಬೇಕು. ಜೀವ ಇದೆ ಎಂದು ಒತ್ತಲು ಅವನಿಗೆ ಧೈರ್ಯ ಸಾಲಲಿಲ್ಲ. ನಿಗಾದಲ್ಲಿದೆ ಎಂದು ಒತ್ತಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ದೊರೆಸಾನಿಗೆ ತುರ್ತು ಘಟಕದಲ್ಲಿ ಒಂದು ಮಂಚ ಸಿಕ್ಕಿತು, ಕಾಲಿಗೆ ಚೀಟಿ ಕಟ್ಟಿದರು, ಗ್ಲೂಕೋಸಿನ ಕಂಬ ಬಂತು.

ಅವಳು ಬಂದ ಮಂಚ ಖಾಲಿ ಉಳಿಯಿತು. ಮೇಲೆ ಗಾಳಿ ಹಾಸಿಗೆ.

ಎಲ್ಲರೂ ಅದಕ್ಕೆ ಕೈ ಹಚ್ಚಿದೆವು. ತಳ್ಳಿದೆವು. ಕೌಶಲ್ಯ ಕೊಠಡಿಯ ಕಡೆಗಲ್ಲ, ನಮ್ಮ ವಾರ್ಡಿಗೆ. ಗುಂಡಕ್ಕ ಬಡಗಿಯ ತಲೆಯ ಹತ್ತಿರ ನಿಂತು ಏದುಸಿರು ಬಿಡುತ್ತಿದ್ದಳು. ಆರು ಜನ ಚಾದರದ ಅಂಚು ಹಿಡಿದು ಒಂದೇ ಸಲ ಎತ್ತಿದೆವು. ಅವನನ್ನು ಗಾಳಿ ಹಾಸಿಗೆಯ ಮೇಲೆ ಇಳಿಸಿದೆವು. ಮೋಟಾರಿನ ವೈರು ಗೋಡೆಗೆ ಚುಚ್ಚಿದೆ. ಗುಂಯ್ ಎಂದಿತು.

ಅವನು ಅಂಗೈಯಿಂದ ಹಾಸಿಗೆ ಒತ್ತಿ ನೋಡಿದ. ಆಮೇಲೆ, "ಇದೇನಮ್ಮ, ದೋಣಿ ಹತ್ತಿಸಿದ್ರಾ?" ಎಂದ. ಕಣ್ಣಿನಲ್ಲಿ ನೀರಿತ್ತು.

ನಾನು ಬೇರೆ ಬಿಸಿನೀರು ತಂದೆ. ಪರೀಕ್ಷಕ ಪೆನ್ನು ಹಿಡಿದು ಮಂಚದ ಕಾಲ್ದೆಸೆಗೆ ಬಂದು ನಿಂತಿದ್ದ. ಕೈ ಜೋಡಿಸಿ ಕೇಳಿದೆ.

"ಅಪ್ಪಾ, ನಿಮಗೆ ಸ್ನಾನ ಮಾಡಿಸಲಾ?"

"ಇದೇನು ಹೊಸದಾಗಿ ಕೇಳ್ತಿದ್ದೀರಿ? ದಿನಾ ತಿರುಗಪ್ಪ ಅಂತ ತಿರುಗಿಸೋರು."

"ಪರೀಕ್ಷೆ."

"ಓಹೋ. ಮಾಡಿಸಿ ಹಂಗಾದ್ರೆ. ನೀರು ಬಿಸಿ ಇರ್ಲಿ. ಕುತ್ತಿಗೆ ಹತ್ರ ಚೆನ್ನಾಗಿ ಉಜ್ಜಿ, ನವೆ."

ಒಪ್ಪಿಗೆ ಸಿಕ್ಕಿತು. ಕುತ್ತಿಗೆ ಉಜ್ಜಿದೆ. ಮಗ್ಗುಲಾಗಿಸಿ ಪಟ್ಟಿ ಬಿಚ್ಚಿದೆ. ವಾಸನೆ ಎದ್ದಿತು. ಪರೀಕ್ಷಕ ಹುಣ್ಣು ನೋಡಿದ, ತಳದ ಬಿಳುಪು ನೋಡಿದ. ಪೆನ್ನು ಜೇಬಿಗೆ ಹಾಕಿಕೊಂಡು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಟುಹೋದ. ನಿಗದಿತ ರೋಗಿ ಇಲ್ಲದ ಕಾರಣ ಪರೀಕ್ಷೆ ಅಪೂರ್ಣ ಎಂದು ಬರೆದನಂತೆ.

ಅಲ್ಲಿಂದ ಮುಂದೆ ಆಸ್ಪತ್ರೆಯ ಬುದ್ಧಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿತು. ಪರೀಕ್ಷೆ ನಡೆಯಲು ದೊರೆಸಾನಿ ಬೇಕು. ದೊರೆಸಾನಿ ಬಿಡುಗಡೆಯಾಗಲು, ಅವಳನ್ನು ಕರೆತಂದ ನರ್ಸ್ ಸಹಿ ಹಾಕಬೇಕು. ಕರೆತಂದವಳು ನಾನು. ನಾನು ನರ್ಸ್ ಅಲ್ಲ, ಗೋಡೆಯ ಮೇಲೇ ಬರೆದಿದೆ. ನರ್ಸ್ ಆಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ನಡೆಯಲು ದೊರೆಸಾನಿ ಬೇಕು. ತುರ್ತು ಘಟಕದವರು ಅವಳಿಗೆ ದಿನವೂ ಜ್ವರ ನೋಡಿ ಬರೆಯುತ್ತಿದ್ದರು. ಒಂದು ದಿನ ಸ್ವಲ್ಪ ಜಾಸ್ತಿ ಇತ್ತಂತೆ, ಕಿಟಕಿಯ ಬಿಸಿಲು ಬಿದ್ದು.

ನನಗೆ ಮೆಮೊ ಬಂತು. ಕೋರ್ಸಿನಿಂದ ತೆಗೆಯುತ್ತೇವೆ ಎಂಬ ಬೆದರಿಕೆ ಬಂತು. ಮನೆಯಲ್ಲಿ ಗಂಡ ಮೊದಲ ಸಲ ತಟ್ಟೆಯಿಂದ ತಲೆಯೆತ್ತಿ, "ನಿನಗೆ ಬೇಕಿತ್ತಾ ಇದೆಲ್ಲ?" ಎಂದ. "ಬೇಕಿತ್ತು. ನೀನು ಊಟ ಮಾಡು," ಎಂದರು ಅತ್ತೆ. ಕೌಶಲ್ಯ ಕೊಠಡಿಗೆ ಬೀಗ ಹಾಕಲು ಯಾರಿಗೂ ನೆನಪಾಗಲಿಲ್ಲ. ನಾವು ಒಬ್ಬೊಬ್ಬರಾಗಿ ಚೀಲ ತಂದು ಹಳೆಯ ಮೊಳೆಗಳಿಗೆ ನೇತುಹಾಕಿದೆವು. ಫ್ಯಾನಿನ ಕೆಳಗೆ ಊಟ ಮಾಡಿದೆವು. ಬಡಗಿಯ ಹುಣ್ಣಿನ ಅಂಚು ಕೆಂಪಗಾಗತೊಡಗಿತು. ಕೆಂಪು ಅಂದರೆ ಒಳ್ಳೆಯದು, ಹೊಸ ಮಾಂಸ.

"ದೊರೆಸಾನಿಗೆ ಹುಷಾರಾಯ್ತಾ?" ಎಂದು ಅವನು ದಿನಾ ಕೇಳುತ್ತಿದ್ದ.

"ಇಲ್ಲಪ್ಪ."

"ಪಾಪ. ಅವಸರ ಮಾಡ್ಬೇಡಿ. ಚೆನ್ನಾಗಿ ಗುಣ ಆಗೋವರೆಗೂ ಅಲ್ಲೇ ಇರ್ಲಿ."

ಒಂದು ಮಧ್ಯಾಹ್ನ ಮೇಟ್ರನ್ ನಾವು ಊಟ ಮಾಡುತ್ತಿದ್ದ ಕೋಣೆಗೆ ತಾವೇ ಬಂದರು. ಕೈಯಲ್ಲಿ ಬಿಡುಗಡೆಯ ಕಾಗದ. ಹಿಂದೆ ನಮ್ಮ ದೊಡ್ಡ ಸಿಸ್ಟರ್. ಮೇಟ್ರನ್ ದನಿಯಲ್ಲಿ ಬೆಣ್ಣೆಯಿತ್ತು.

"ನೋಡಮ್ಮ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೀನು ಬರೆದುಬಿಡು, ಕೆಳಗೆ ಇವಳ ಹೆಸರು ಹಾಕು. ಯಾವಾಗ್ಲೂ ಹಂಗೇ ಅಲ್ವಾ ನಡೆಯೋದು? ಕೆಲಸ ನಿಂದು, ಹೆಸರು ಇವಳದು. ಯಾರು ಕೇಳ್ತಾರೆ?"

ದೊಡ್ಡ ಸಿಸ್ಟರ್ ನೆಲ ನೋಡುತ್ತಿದ್ದಳು.

ಯಾವಾಗಲೂ ಹಾಗೇ. ಹೌದು. ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇಷ್ಟು ವರ್ಷ ನಾವು ತೊಳೆದ ಹುಣ್ಣು, ಹೊತ್ತ ಮೈ, ಬಳಿದ ಮಲ, ಎಲ್ಲವೂ ಕಣ್ಣ ಮುಂದೆ ಬಂದವು. ಕೈ ತೊಳೆದುಕೊಂಡೆ. ಕೈ ಚಾಚಿದೆ. ಮೇಟ್ರನ್ ಸಮಾಧಾನದ ಉಸಿರು ಬಿಟ್ಟು ಪೆನ್ನು ಕೊಟ್ಟರು.

ಪೆನ್ನು ಹಿಡಿದು ನಾನು ಅವರನ್ನು ದಾಟಿ ಹೊರಗೆ ನಡೆದೆ. ವಾರ್ಡಿಗೆ ಹೋದೆ. ಬಡಗಿಯ ಮಂಚದ ಕಾಲ್ದೆಸೆಗೆ ನೇತಾಡುತ್ತಿದ್ದ ಚಾರ್ಟು ತೆಗೆದೆ. ಬೆಳಿಗ್ಗೆ ಹುಣ್ಣು ತೊಳೆದದ್ದರ ಮುಂದೆ ಸಹಿಯ ಜಾಗ ಇನ್ನೂ ಖಾಲಿಯಿತ್ತು. ಅಲ್ಲಿ ನನ್ನ ಹೆಸರು ಬರೆದೆ. ಪೂರ್ತಿ ಹೆಸರು. ಅಪ್ಪ ಅಮ್ಮ ಇಟ್ಟದ್ದು.

"ಏಯ್! ಏನು ಮಾಡ್ತಿದ್ದೀಯ? ನಿಯಮ ಇದೆ!" ಮೇಟ್ರನ್ ಓಡಿಬಂದಿದ್ದರು.

"ಗೊತ್ತು ಮೇಡಂ. ಗೋಂದು ಹಚ್ಚಿದ್ದು ನಾನೇ."

"ಕೆಲಸ ಹೋಗುತ್ತೆ!"

"ಹೋದ್ರೆ ಹೋಗ್ಲಿ. ಹೋಗೋವರೆಗೂ ನಾನು ತೊಳೆದದ್ದು ನಾನು ತೊಳೆದದ್ದೇ."

ಬಡಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿರುಗಲಾಗದು. "ಏನಮ್ಮ ಅದು ಗಲಾಟೆ?" ಎಂದ.

"ಏನಿಲ್ಲಪ್ಪ. ಸಹಿ ಹಾಕ್ದೆ."

"ಎಲ್ಲಿಗೆ?"

"ನಿಮ್ಮ ಬೆನ್ನಿಗೆ."

"ನಾನು ಮಾಡಿದ ಬಾಗಿಲಿಗೆಲ್ಲ ಕೆಳಗಡೆ ಉಳೀಲಿ ಒಂದು ಗೀರು ಹಾಕ್ತಿದ್ದೆ. ಮನೆಯವರಿಗೆ ಕಾಣಬಾರದು, ನನಗೆ ಗೊತ್ತಿರ್ಬೇಕು. ಬಾಗಿಲು ನಂದು ಅಂತ," ಎಂದ. "ನೀವು ಕಾಣೋ ಹಾಗೇ ಹಾಕಿ."

ಮೇಟ್ರನ್ ಕೈ ಚಾಚಿದರು. "ಪೆನ್ನು ಕೊಡು ಇಲ್ಲಿ."

"ಇನ್ನೂ ಕೆಲಸ ಇದೆ ಮೇಡಂ," ಎಂದು ನಾನು ಪಕ್ಕದ ಮಂಚದ ಚಾರ್ಟು ತೆಗೆದುಕೊಂಡೆ. ಹೊಟ್ಟೆಯ ಹೊಲಿಗೆಯವನದು. ಬೆಳಿಗ್ಗೆ ಅವನ ಪಟ್ಟಿ ಬದಲಿಸಿದ್ದು ನಾನಲ್ಲ.

ಗುಂಡಕ್ಕ ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ನಿಂತಿದ್ದಳು.

"ಅದು ನಂದು ಕಣೇ," ಎಂದಳು. "ಇತ್ತ ತಾ."